ನೋಟಿಸು ಕೊಟ್ಟ ದಿನ

ಒಂದೇ ಚೀಲಕ್ಕೆ ಎಲ್ಲ ತುಂಬಿಕೊಂಡೆ:
ಪಾಸ್‌ಪೋರ್ಟು, ನೀರಿನ ಬಿಲ್ಲು,
ಕೌನ್ಸಿಲ್ ತೆರಿಗೆಯ ಕಾಗದ,
ಮತ್ತೆ ಇಪ್ಪತ್ತೆರಡು ವರ್ಷ
ಎಲ್ಲೈಸಿ ಕವರಿನೊಳಗೆ ಮಲಗಿದ್ದ
ನಿಮ್ಮ ಮರಣದ ದಾಖಲೆ.
ಮಡಿಕೆಯಲ್ಲಿ ಹರಿದಿತ್ತು. ಟೇಪು ಹಚ್ಚಿದೆ.

ಪುರಸಭೆಯ ಗುಮಾಸ್ತ ನೀಲಿ ಶಾಯಿಯಲ್ಲಿ
ಕನ್ನಡದಲ್ಲಿ ಬರೆದದ್ದು ಇಲ್ಲಿ ನಡೆಯುವುದಿಲ್ಲ.
ಬ್ರಾಡ್‌ಫರ್ಡಿನಲ್ಲಿ ಒಬ್ಬ ಅನುವಾದಕ ಸಿಕ್ಕ,
ಪುಟಕ್ಕೆ ಇಷ್ಟು ಪೌಂಡು, ಮುದ್ರೆಗೆ ಬೇರೆ.
ಫೋನು ಮಾಡಿದ:
"ಇದರಲ್ಲಿ ಮಹಾರುದ್ರಪ್ಪ ಅಂತಿದೆ ಮೇಡಂ,
ನಿಮ್ಮ ಹಳೇ ಪಾಸ್‌ಪೋರ್ಟಿನಲ್ಲಿ ಮಹಾರುದ್ರ,
ಮದುವೆ ರಿಜಿಸ್ಟರಿನಲ್ಲಿ ಬರೀ ರುದ್ರಪ್ಪ.
ಮೂವರಲ್ಲಿ ತೀರಿಕೊಂಡವರು ಯಾರು?"
ಮೂವರೂ, ಅಂದೆ.
ಮೂವರೂ ಒಬ್ಬರೇ ಎಂದು
ವಕೀಲನೆದುರು ಕೂತು ಪ್ರಮಾಣ ಮಾಡಬೇಕಾಯಿತು.
ಅದಕ್ಕೂ ಬಿಲ್ಲು ಬಂತು.

ಹಡರ್ಸ್‌ಫೀಲ್ಡಿನ ನೋಂದಣಿ ಕಚೇರಿ,
ಮಂಗಳವಾರ ಹತ್ತೂಕಾಲು.
ಮಂಗಳವಾರ ಯಾರಾದರೂ ಇಂಥದ್ದಕ್ಕೆ ಹೊರಡುತ್ತಾರೆಯೇ?
ಬೇರೆ ದಿನ ಖಾಲಿ ಇರಲಿಲ್ಲ.

ಒಬ್ಬೊಬ್ಬರನ್ನೇ ಒಳಗೆ ಕರೆದರು.
ಕ್ಲಿಫ್ ಮೊದಲು ಹೋದ. ಬೆಂಚಿನ ಮೇಲೆ ನಾನು
ಮುಲ್ಕಿ ಪರೀಕ್ಷೆಗೆ ಕೂತ ಹುಡುಗಿಯಂತೆ
ಅವನು ಹುಟ್ಟಿದ ತಾರೀಖು ಬಾಯಿಪಾಠ ಮಾಡಿದೆ.
ತಾರೀಖು ಸರಿಯಾಯಿತು, ಹೆಸರು ತಪ್ಪಿತು.
ನಡುವೆ ಒಬ್ಬ ಏನಕ್ ಇದ್ದಾನೆಂದು
ಆರು ವರ್ಷದಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ.
ನನ್ನದು ಕೇಳಿದಾಗ ಅವನು ಹೇಳಿದನಂತೆ:
"ಜೂನ್ ಒಂದು. ಆದರೆ ಅದು
ಅವಳ ಶಾಲೆಯ ಹೆಡ್‌ಮಾಸ್ತರರು ಕೊಟ್ಟದ್ದು."
ಅಧಿಕಾರಿ ಜಾನಿಸ್ ಪೆನ್ನು ಕೆಳಗಿಟ್ಟಳಂತೆ.

"ತಂದೆಯ ಉದ್ಯೋಗ?"
ನೇಕಾರ, ಅಂದೆ ತಟ್ಟನೆ.
"ತಾಯಿಯ ಉದ್ಯೋಗ?"

ಯಾವ ಕಾಗದವೂ ಈತನಕ ಕೇಳಿರಲಿಲ್ಲ.
ಇಲ್ಲಿ ಕೂಡ ಮೊನ್ನೆ ಮೊನ್ನೆಯವರೆಗೆ
ಫಾರಮಿನಲ್ಲಿ ಆ ಜಾಗವೇ ಇರಲಿಲ್ಲವಂತೆ.
ಮನೆಗೆಲಸ ಅನ್ನಲು ಬಾಯಿ ತೆರೆದವಳಿಗೆ
ಅವ್ವನ ಕಾಲು ನೆನಪಾಯಿತು:
ಗುಳೇದಗುಡ್ಡದ ಕುಣಿಮಗ್ಗದೊಳಗೆ ಇಳಿಬಿದ್ದ ಕಾಲು,
ಶ್ರಾವಣದಲ್ಲಿ ಕುಣಿಗೆ ನೀರು ಜಿನುಗಿ
ಬೆಳ್ಳಗೆ ಸುಕ್ಕುಗಟ್ಟುತ್ತಿದ್ದ ಬೆರಳು.
ಖಣದ ಕೂಲಿ ಬರುತ್ತಿದ್ದದ್ದು ಅಪ್ಪನ ಹೆಸರಿಗೆ.

ನೇಕಾರ್ತಿ, ಅಂದೆ.
ಇಂಗ್ಲಿಷಿನಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಶಬ್ದ,
ಅಪ್ಪನದರ ಕೆಳಗೆ ಅದೇ ಇನ್ನೊಮ್ಮೆ ಬಿತ್ತು.
"ಈ ಊರಿನದೂ ಅದೇ ಕಸುಬು, ಲವ್,
ಗಿರಣಿ ಮುಚ್ಚುವ ತನಕ," ಅಂದಳು ಜಾನಿಸ್.
ಅವ್ವನ ಹೆಸರು ಬಿಡಿಸಿ ಹೇಳಿದೆ.
ಎರಡು ಸಲ ಅಳಿಸಿ, ನೀಲವ್ವ ಸರಿಯಾದಳು.

ಇನ್ನು ಇಪ್ಪತ್ತೆಂಟು ದಿನ
ನಮ್ಮಿಬ್ಬರ ಹೆಸರು ಎಲ್ಲರಿಗೂ ಕಾಣುವಂತೆ ಇರುತ್ತದೆ.
ಆಕ್ಷೇಪ ಇದ್ದವರು ಹೇಳಬಹುದು.
ಬಸ್ಸಿನಲ್ಲಿ ಕ್ಲಿಫ್ ನಕ್ಕ:
"ನನ್ನ ಕಡೆ ತಂಗಿ ಒಬ್ಬಳೇ, ಅವಳು ಕನ್ನಡಕ ಮರೆತಿರುತ್ತಾಳೆ."
ನನ್ನ ಕಡೆಯ ಲೆಕ್ಕ ನಾನು ಹೇಳಲಿಲ್ಲ.

ರಾತ್ರಿ ಪಾತ್ರೆ ತೊಳೆಯುತ್ತ
ಆ ನೋಟಿಸನ್ನು ಕನ್ನಡ ಮಾಡಿದೆ.
ಪುಟಕ್ಕೆ ಇಷ್ಟೆಂದು ಕೇಳುವವರಿಲ್ಲ, ಮುದ್ರೆ ಬೇಡ.
ದಾಕ್ಷಾಯಣಿ, ವಿಧವೆ, ಐವತ್ನಾಲ್ಕು,
ವೃದ್ಧರ ಮನೆಯಲ್ಲಿ ಆರೈಕೆಯ ಕೆಲಸ.
ಕ್ಲಿಫರ್ಡ್ ಏನಕ್, ಅರವತ್ತೊಂದು,
ಬಸ್ಸು ಓಡಿಸುತ್ತಿದ್ದವನು.

ನಿಮ್ಮ ಹೆಸರು ಹಿಡಿದು ಎಂದೂ ಕರೆದವಳಲ್ಲ.
ಈ ಒಂದು ತಿಂಗಳು ಮಾತ್ರ
ಕಿಟಕಿ ಕಿಟಕಿಗೆ ಹೋಗಿ
ಒಂದೊಂದೇ ಅಕ್ಷರ ಕೂಗಿ ಹೇಳಿದ್ದೇನೆ.
ಅವನಿಗೆ ನೀನು ಅನ್ನಬೇಕೋ ನೀವು ಅನ್ನಬೇಕೋ,
ಅವನ ಭಾಷೆಯಲ್ಲಿ ಆ ಫಜೀತಿ ಇಲ್ಲ.
ನಿಮಗೆ ಇನ್ನೂ ಮೂವತ್ತಾರು.
ನನ್ನ ಕಡೇ ತಮ್ಮನಿಗಿಂತ ಚಿಕ್ಕವರಾದಿರಿ.

ಮಹಾರುದ್ರಪ್ಪ,
ಆಕ್ಷೇಪ ಇದ್ದರೆ ಹೇಳು.

ಕೇಳಿಸಲೆಂದು ನಲ್ಲಿ ನಿಲ್ಲಿಸಿದೆ.
ಮಹಡಿಯಿಂದ ಕ್ಲಿಫ್ ಕೂಗಿದ,
ಬಿಸಿನೀರಿನ ಚೀಲ ಎಲ್ಲಿಟ್ಟೆ ಅಂತ.
ಇನ್ನೂ ಇಪ್ಪತ್ತೇಳು ದಿನ ಇದೆ.